ದಿನಬಳಕೆಗೆ ಯಾವ ಸನ್‌ಸ್ಕ್ರೀನ್? ಮೈಸೂರು–ಮಂಡ್ಯದ ಬಿಸಿಲಿಗೆ ತಕ್ಕ ಆಯ್ಕೆ

ಮೈಸೂರಿನ ಹವೆ ಹಿತವಾದುದು ಎಂಬ ಮಾತು ನಿಜವಾದರೂ ಆ ಹಿತ ಸೆಕೆಗೆ ಸಂಬಂಧಿಸಿದ್ದೇ ಹೊರತು ಚರ್ಮಕ್ಕೆ ತಾಗುವ ಅತಿನೇರಳೆ ಕಿರಣಗಳಿಗೆ ಸಂಬಂಧಿಸಿದ್ದಲ್ಲ. ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12.3 ಡಿಗ್ರಿ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ 22ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ಮಂಡ್ಯ ಮೈಸೂರಿಗಿಂತ ತುಸು ತಗ್ಗಿನಲ್ಲಿದ್ದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಆಗಸ್ಟ್‌ನಲ್ಲಿ ಗಾಳಿ ತಂಪಾಗಿರುತ್ತದೆ, ಮೋಡ ಕವಿದಿರುತ್ತದೆ, ಹಾಗಾಗಿ ಬಿಸಿಲಿನ ಚಿಂತೆಯನ್ನು ಜನ ಮಾರ್ಚ್–ಏಪ್ರಿಲ್‌ಗೆ ಮೀಸಲಿಡುತ್ತಾರೆ. ಆದರೆ ತೆಳು ಮೋಡದ ಮೂಲಕ ಅತಿನೇರಳೆ ಕಿರಣಗಳ ಶೇ. 80ರವರೆಗೂ ಕೆಳಗಿಳಿಯಬಲ್ಲದು. ಫೋನಿನ ಹವಾಮಾನ ಆ್ಯಪ್‌ನಲ್ಲಿ ಕಾಣುವ ಯುವಿ ಸೂಚ್ಯಂಕ, ಅಂದರೆ ಅತಿನೇರಳೆ ಕಿರಣಗಳ ತೀವ್ರತೆಯ ಅಳತೆ, 3 ಮುಟ್ಟಿದರೆ ರಕ್ಷಣೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಸಿಗೆಯ ನಿರಭ್ರ ಮಧ್ಯಾಹ್ನಗಳಲ್ಲಿ ನಮ್ಮಲ್ಲಿ ಅದು 11 ದಾಟುವುದು ಸಾಮಾನ್ಯ.

ಗೋಧಿಬಣ್ಣವಿರಲಿ, ಎಣ್ಣೆಗೆಂಪಿರಲಿ, ಕಪ್ಪಿರಲಿ, ನಮ್ಮ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವುದರಿಂದ ಬಿಸಿಲಿಗೆ ಕೆಂಪೇರಿ ಸುಲಿಯುವುದು ಬಿಳಿಯರಲ್ಲಿ ಕಾಣುವಷ್ಟು ಬೇಗ ಆಗುವುದಿಲ್ಲ. ಚರ್ಮದ ಕ್ಯಾನ್ಸರ್ ಕೂಡ ಅವರಿಗಿಂತ ಕಡಿಮೆ. ಆದರೆ ಅದೇ ಮೆಲನಿನ್ ಬೇರೊಂದು ತೊಂದರೆಯನ್ನು ತರುತ್ತದೆ. ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ಮೂಡುವ ಬಂಗು, ಮೊಡವೆ ಆರಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ, ಬಳೆಯ ಮೇಲೊಂದು ಬಣ್ಣ ಕೆಳಗೊಂದು ಬಣ್ಣವಾಗುವ ಮುಂಗೈ, ಇವೆಲ್ಲ ನಮ್ಮಂಥ ಚರ್ಮದಲ್ಲಿ ಬೇಗ ಬರುತ್ತವೆ, ನಿಧಾನವಾಗಿ ಹೋಗುತ್ತವೆ. ಆದ್ದರಿಂದ ಬೆಳ್ಳಗಿನ ಚರ್ಮ ಸುಡದಂತೆ ಕಾಯುವುದಕ್ಕೆಂದು ಹುಟ್ಟಿದ ಅಳತೆಗಳನ್ನೇ ಹಿಡಿದು ನಾವು ಸನ್‌ಸ್ಕ್ರೀನ್ ಆರಿಸಿದರೆ ನಮಗೆ ಬೇಕಾದದ್ದು ಸಿಗದೆ ಹೋಗಬಹುದು. ಕಲೆ ತರುವ ಕಿರಣಗಳಿಂದ ಎಷ್ಟು ರಕ್ಷಣೆ ಎಂದು ಹೇಳುವ ಪಿಎ ಗುರುತನ್ನು ಮೊದಲು ನೋಡಬೇಕು, ಧಾರಾಳವಾಗಿ ಹಚ್ಚಲು ಕೈ ಹಿಂಜರಿಯದಂಥ ಬೆಲೆಯದನ್ನೇ ಕೊಳ್ಳಬೇಕು, ಚರ್ಮ ಸುಡದಂತೆ ಎಷ್ಟು ಕಾಯುತ್ತದೆ ಎಂದು ಹೇಳುವ ಎಸ್‌ಪಿಎಫ್ ಅಂಕಿಗೆ ಅವೆರಡರ ನಂತರದ ಸ್ಥಾನ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಸ್‌ಪಿಎಫ್ ಮತ್ತು ಪಿಎ

ನೆಲ ತಲುಪುವ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆ. ಯುವಿಬಿ ಎಂಬುದು ಚರ್ಮದ ಮೇಲ್ಪದರವನ್ನು ಸುಡುತ್ತದೆ. ಮಧ್ಯಾಹ್ನ ಅದರ ಜೋರು, ಬೆಳಗ್ಗೆ ಸಂಜೆ ಕಡಿಮೆ, ಗಾಜನ್ನು ಅದು ಬಹುತೇಕ ದಾಟಲಾರದು. ಯುವಿಎ ಎಂಬುದು ಇನ್ನೂ ಆಳಕ್ಕಿಳಿದು ಸುಕ್ಕನ್ನೂ ಕಲೆಯನ್ನೂ ತರುತ್ತದೆ. ಹಗಲಿಡೀ ಇರುತ್ತದೆ, ಕಿಟಕಿಯ ಗಾಜಿನ ಮೂಲಕವೂ ಒಳಬರುತ್ತದೆ. ಎಸ್‌ಪಿಎಫ್ ಹೆಚ್ಚುಕಡಿಮೆ ಯುವಿಬಿಯ ಅಳತೆ. 15 ಎಂದಿದ್ದರೆ ಆ ಕಿರಣಗಳ ಶೇ. 93ರಷ್ಟನ್ನೂ, 30 ಎಂದಿದ್ದರೆ ಶೇ. 97ರಷ್ಟನ್ನೂ, 50 ಎಂದಿದ್ದರೆ ಶೇ. 98ರಷ್ಟನ್ನೂ ತಡೆಯುತ್ತದೆ. 30ಕ್ಕೂ 50ಕ್ಕೂ ಇರುವ ಅಂತರ ಇಷ್ಟೇ ಎಂದು ಕಂಡರೂ, ಒಳಕ್ಕೆ ನುಸುಳುವ ಪಾಲನ್ನು ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಶೇ. 3.3, ಎರಡನೆಯದರಲ್ಲಿ ಶೇ. 2, ಹೊಲದಲ್ಲೋ ರಸ್ತೆಯಲ್ಲೋ ಇಡೀ ದಿನ ಕಳೆಯುವವರಿಗೆ ಈ ಅಂತರ ಸಣ್ಣದಲ್ಲ. 50ರ ಮೇಲಿನ ಅಂಕಿಗಳಿಗೆ ಹೆಚ್ಚಿನ ಹಣ ಕೊಡುವ ಅಗತ್ಯ ಮಾತ್ರ ದಿನಬಳಕೆಯಲ್ಲಿ ನನಗೆ ಕಾಣುವುದಿಲ್ಲ.

ಯುವಿಎಯಿಂದ ಎಷ್ಟು ರಕ್ಷಣೆಯಿದೆ ಎಂಬುದನ್ನು ಹೇಳುವುದು ಜಪಾನಿನಿಂದ ಬಂದ ಪಿಎ ಪದ್ಧತಿ. ಒಂದು ಪ್ಲಸ್ ಇದ್ದರೆ ಯುವಿಎ ರಕ್ಷಣೆಯ ಅಂಕ 2ರಿಂದ 4ರೊಳಗೆ, ಎರಡಕ್ಕೆ 4ರಿಂದ 8, ಮೂರಕ್ಕೆ 8ರಿಂದ 16, ನಾಲ್ಕು ಪ್ಲಸ್ ಇದ್ದರೆ 16 ಅಥವಾ ಅದಕ್ಕಿಂತ ಹೆಚ್ಚು. ಕೆಲವು ಟ್ಯೂಬುಗಳ ಮೇಲೆ ವೃತ್ತದೊಳಗೆ ಯುವಿಎ ಎಂದು ಬರೆದಿರುತ್ತದೆ. ಅದು ಐರೋಪ್ಯ ಗುರುತು, ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೆಯ ಒಂದು ಭಾಗಕ್ಕಾದರೂ ಕಡಿಮೆಯಿಲ್ಲ ಎಂದು ಅದರ ಅರ್ಥ. ಒಂದರಲ್ಲಿ ಎಸ್‌ಪಿಎಫ್ 50, ಪಿಎ++ ಎಂದೂ ಇನ್ನೊಂದರಲ್ಲಿ ಎಸ್‌ಪಿಎಫ್ 30, ಪಿಎ++++ ಎಂದೂ ಇದ್ದರೆ ಅಂಗಡಿಯವರು ಸಾಮಾನ್ಯವಾಗಿ ಮೊದಲನೆಯದನ್ನು ಮುಂದಿಡುತ್ತಾರೆ. ಕಲೆ, ಬಂಗು, ಟ್ಯಾನ್ ನಿಮ್ಮ ಚಿಂತೆಯಾಗಿದ್ದರೆ ಎರಡನೆಯದೇ ಸರಿಯಾದ ಆಯ್ಕೆ. ಪಿಎ ಗುರುತೂ ಇಲ್ಲದ, ಎರಡೂ ಬಗೆಯ ಕಿರಣಗಳನ್ನು ತಡೆಯುತ್ತದೆ ಎಂದು ಸೂಚಿಸುವ ಬ್ರಾಡ್ ಸ್ಪೆಕ್ಟ್ರಮ್ ಎಂಬ ಮಾತೂ ಇಲ್ಲದ ಟ್ಯೂಬನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ.

ಮಿನರಲ್ ಬಗೆ, ಕೆಮಿಕಲ್ ಬಗೆ

ಮಿನರಲ್ ಅಥವಾ ಫಿಸಿಕಲ್ ಎನ್ನಿಸಿಕೊಳ್ಳುವ ಸನ್‌ಸ್ಕ್ರೀನುಗಳಲ್ಲಿ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುತ್ತವೆ. ಇವು ಕನ್ನಡಿಯಂತೆ ಕಿರಣಗಳನ್ನು ಹಿಂದಕ್ಕೆಸೆಯುತ್ತವೆ ಎಂಬ ವಿವರಣೆ ಎಲ್ಲೆಡೆ ಹಬ್ಬಿದೆ. ವಾಸ್ತವವಾಗಿ ಇವು ಅತಿನೇರಳೆ ಕಿರಣಗಳ ಬಹುಪಾಲನ್ನು ಹೀರಿಕೊಳ್ಳುತ್ತವೆ, ಚದುರಿಸುವುದು ಸ್ವಲ್ಪವೇ. ಇವುಗಳ ದೊಡ್ಡ ಗುಣವೆಂದರೆ ಚರ್ಮ ಕೆರಳುವುದು, ಕಣ್ಣು ಉರಿಯುವುದು ಕಡಿಮೆ. ಬಿಸಿಲಿಗೆ ಬೇಗ ಕೆಡುವುದಿಲ್ಲ. ಸೂಕ್ಷ್ಮ ಚರ್ಮದವರು, ಚಿಕ್ಕ ಮಕ್ಕಳು, ಗರ್ಭಿಣಿಯರು ಇವನ್ನೇ ಆರಿಸುವುದು ಒಳ್ಳೆಯದು. ದೊಡ್ಡ ದೋಷವೂ ಒಂದಿದೆ. ನಮ್ಮ ಮೈಬಣ್ಣದ ಮೇಲೆ ಇವು ಬೂದಿ ಬಳಿದಂಥ ಬಿಳಿ ಛಾಯೆಯನ್ನು ಬಿಡುತ್ತವೆ, ಅದನ್ನು ಮರೆಸುವುದಕ್ಕಾಗಿ ಜನ ತೀರ ತೆಳುವಾಗಿ ಹಚ್ಚಿಕೊಳ್ಳುತ್ತಾರೆ, ತೆಳುವಾಗಿ ಹಚ್ಚಿದ ಮೇಲೆ ಡಬ್ಬಿಯ ಮೇಲಿನ ಅಂಕಿಗೆ ಬೆಲೆಯೇ ಉಳಿಯುವುದಿಲ್ಲ.

ಕೆಮಿಕಲ್ ಎಂದು ಕರೆಯುವ ಬಗೆಯಲ್ಲಿ ಅವೊಬೆನ್‌ಜೋನ್, ಆಕ್ಟಿನಾಕ್ಸೇಟ್, ಆಕ್ಟೊಕ್ರಿಲೀನ್ ಮೊದಲಾದ ಇಂಗಾಲ ಆಧಾರಿತ ಸಂಯುಕ್ತಗಳಿರುತ್ತವೆ. ಇವು ಚರ್ಮದ ಮೇಲೆ ಬಿಳಿಯಾಗಿ ಕಾಣುವುದಿಲ್ಲ, ಹಚ್ಚಿಕೊಳ್ಳಲು ಹಗುರ. ಹಿಂಬದಿಯ ಘಟಕಗಳ ಪಟ್ಟಿಯನ್ನು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದುವುದು ಲಾಭದಾಯಕ. ಅವೊಬೆನ್‌ಜೋನ್ ಯುವಿಎಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲಿಗೆ ತಾನೇ ಕರಗಿಹೋಗುವ ಸ್ವಭಾವದ್ದು. ಜೊತೆಯಲ್ಲಿ ಆಕ್ಟೊಕ್ರಿಲೀನ್ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ, ಆಕ್ಟಿನಾಕ್ಸೇಟ್ ಮಾತ್ರವೇ ಇದ್ದರೆ ಇನ್ನೂ ಬೇಗ ಹಾಳಾಗುತ್ತದೆ. ಟಿನೊಸಾರ್ಬ್ ಎಸ್ ಎಂಬ ವ್ಯಾಪಾರಿ ಹೆಸರಿನ ಬೆಮೊಟ್ರಿಜಿನಾಲ್ ಯುವಿಎ, ಯುವಿಬಿ ಎರಡನ್ನೂ ತಡೆದು ಬಿಸಿಲಿನಲ್ಲಿ ಸ್ಥಿರವಾಗಿಯೂ ಇರುವಂಥದು; ಪಟ್ಟಿಯಲ್ಲಿ ಆ ಹೆಸರು ಕಂಡರೆ ಬೆಲೆ ತುಸು ಹೆಚ್ಚಾದರೂ ಪರವಾಗಿಲ್ಲ ಎಂಬುದು ನನ್ನ ಲೆಕ್ಕ. ಎರಡೂ ಬಗೆಗಳನ್ನು ಬೆರೆಸಿದ ಹೈಬ್ರಿಡ್ ಸನ್‌ಸ್ಕ್ರೀನುಗಳೂ ಸಿಗುತ್ತವೆ. ‘ಕೆಮಿಕಲ್ ಫ್ರೀ’ ಎಂಬ ಬರಹಕ್ಕೆ ಮಾತ್ರ ಮರುಳಾಗಬೇಕಿಲ್ಲ, ಜಿಂಕ್ ಆಕ್ಸೈಡ್ ಕೂಡ ರಾಸಾಯನಿಕವೇ.

ಬಂಗು ಇರುವವರ ಆಯ್ಕೆ ಇವೆರಡಕ್ಕಿಂತ ಬೇರೆಯದು, ಅದನ್ನು ವಿವರವಾಗಿ ಹೇಳಬೇಕು. ಬಂಗನ್ನು ಹೆಚ್ಚಿಸುವುದರಲ್ಲಿ ಅತಿನೇರಳೆ ಕಿರಣಗಳ ಜೊತೆಗೆ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ, ಮೇಲೆ ಹೇಳಿದ ಸಾಮಾನ್ಯ ಸನ್‌ಸ್ಕ್ರೀನುಗಳು ಆ ಬೆಳಕನ್ನು ಅಷ್ಟಾಗಿ ತಡೆಯಲಾರವು. ಅದನ್ನು ತಡೆಯುವುದು ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಛಾಯೆಯುಳ್ಳ ಟಿಂಟೆಡ್ ಸನ್‌ಸ್ಕ್ರೀನ್. ಬಣ್ಣವಿರುವುದರಿಂದ ಬಿಳಿ ಛಾಯೆಯ ತೊಂದರೆಯೂ ತಗ್ಗುತ್ತದೆ. ಹೆರಿಗೆಯ ನಂತರ ಬಂಗು ಬಂತೆಂದು ಕೊರಗುವ ಎಷ್ಟೋ ಹೆಣ್ಣುಮಕ್ಕಳು ನೆರೆಯವರ ಮಾತು ಕೇಳಿ ಔಷಧದ ಅಂಗಡಿಯಿಂದ ಸ್ಟಿರಾಯ್ಡ್ ಬೆರೆತ ಬಿಳುಪಿನ ಕ್ರೀಮನ್ನು ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ಹಚ್ಚುತ್ತಾರೆ. ಮೊದಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಮೊಡವೆ ಎದ್ದು, ಕ್ರೀಮು ಬಿಟ್ಟ ಕೂಡಲೇ ಉರಿ ಶುರುವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ನಲ್ಲಾಗಲಿ ಚರ್ಮರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ ಒಮ್ಮೆ ತೋರಿಸಿಕೊಳ್ಳಿ. ಅವರು ಯಾವ ಔಷಧ ಕೊಟ್ಟರೂ ಸನ್‌ಸ್ಕ್ರೀನ್ ಇಲ್ಲದೆ ಅದು ಪೂರ್ಣ ಫಲ ಕೊಡುವುದಿಲ್ಲ.

ಜೆಲ್, ಕ್ರೀಮ್, ಲೋಷನ್, ಸ್ಟಿಕ್, ಸ್ಪ್ರೇ

ಮುಖ ಜಿಡ್ಡಾಗುವವರಿಗೆ, ಮೊಡವೆಯವರಿಗೆ ಜೆಲ್ ಅಥವಾ ನೀರಿನಂಥ ತೆಳು ಲೋಷನ್ ಒಗ್ಗುತ್ತದೆ. ಡಬ್ಬಿಯ ಮೇಲೆ ನಾನ್ ಕಾಮೆಡೊಜೆನಿಕ್, ಅಂದರೆ ಚರ್ಮದ ರಂಧ್ರ ಮುಚ್ಚದ್ದು, ಎಂದಿರುವುದನ್ನು ಹುಡುಕಬೇಕು. ಒಣ ಚರ್ಮದವರಿಗೆ, ವಯಸ್ಸಾದವರಿಗೆ ಕ್ರೀಮ್ ಲೇಸು, ಅದರಲ್ಲೂ ಡಿಸೆಂಬರ್–ಜನವರಿಯ ಒಣಗಾಳಿಯಲ್ಲಿ. ಸ್ಟಿಕ್ ಮೂಗಿನ ಮೇಲೆ, ಕಿವಿಯ ಮೇಲೆ ಮತ್ತೆ ಸವರಿಕೊಳ್ಳಲು ಅನುಕೂಲ, ಇಡೀ ಮುಖಕ್ಕೆ ಅದೊಂದನ್ನೇ ನಂಬುವಂತಿಲ್ಲ. ಸ್ಪ್ರೇಯನ್ನು ನಾನು ಶಿಫಾರಸು ಮಾಡುವುದಿಲ್ಲ: ಎಷ್ಟು ಬಿತ್ತೆಂಬುದು ತಿಳಿಯುವುದಿಲ್ಲ, ಅರ್ಧ ಗಾಳಿಗೆ ಹೋಗುತ್ತದೆ, ಉಸಿರಿನೊಡನೆ ಒಳಗೂ ಹೋಗುತ್ತದೆ. ಎಸ್‌ಪಿಎಫ್ ಇರುವ ಫೌಂಡೇಷನ್ ಅಥವಾ ಪೌಡರ್ ಸನ್‌ಸ್ಕ್ರೀನಿಗೆ ಬದಲಿಯಲ್ಲ, ಏಕೆಂದರೆ ಆ ಅಂಕಿ ಸಿಗುವಷ್ಟು ಪ್ರಮಾಣದಲ್ಲಿ ಅದನ್ನು ಯಾರೂ ಬಳಿದುಕೊಳ್ಳುವುದಿಲ್ಲ.

ಎಂಥ ದಿನಚರಿಗೆ ಯಾವುದು

ಬ್ಯಾಂಕು, ಕಚೇರಿ, ಕಾಲೇಜುಗಳಲ್ಲಿ ಹಗಲು ಕಳೆದು ಹೋಗಿಬರುವಾಗ ಮಾತ್ರ ಬಿಸಿಲಿಗೆ ಬೀಳುವವರಿಗೆ ಎಸ್‌ಪಿಎಫ್ 30, ಪಿಎ+++ ಸಾಕು. ಕಿಟಕಿಯ ಪಕ್ಕ ಮೇಜು ಇರುವವರು ಮಾತ್ರ ಗಾಜಿನ ಮೂಲಕ ಬರುವ ಯುವಿಎಯನ್ನು ಮರೆಯಬಾರದು. ಮೈಸೂರಿನಿಂದ ಮಂಡ್ಯಕ್ಕೆ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಒಂದು ಮಾತು: ದಾರಿ ಈಶಾನ್ಯಕ್ಕೆ ಸಾಗುವುದರಿಂದ ಬೆಳಗ್ಗೆ ಹೋಗುವಾಗ ಬಿಸಿಲು ಬಲಗಡೆಯ ಕಿಟಕಿಗೆ ಬೀಳುತ್ತದೆ, ಸಂಜೆ ಹಿಂದಿರುಗುವಾಗಲೂ ಬಹುತೇಕ ಬಲಗಡೆಗೇ ಬೀಳುತ್ತದೆ, ಎಡಗಡೆಯ ಸೀಟು ಹಿಡಿದರೆ ಅಷ್ಟರಮಟ್ಟಿಗೆ ಖರ್ಚಿಲ್ಲದ ರಕ್ಷಣೆ. ಕಾರಿನ ಮುಂಗಾಜು ಎರಡು ಪದರದ್ದಾಗಿರುವುದರಿಂದ ಯುವಿಎಯ ಬಹುಪಾಲನ್ನು ತಡೆಯುತ್ತದೆ, ಪಕ್ಕದ ಗಾಜುಗಳು ಹಾಗೆ ತಡೆಯುವುದಿಲ್ಲ. ಚಾಲಕರ ಬಲಗೈ ಎಡಗೈಗಿಂತ ಕಪ್ಪಾಗುವುದಕ್ಕೆ ಇದೇ ಕಾರಣ.

ಸ್ಕೂಟರ್, ಬೈಕಿನವರಿಗೆ, ಅದರಲ್ಲೂ ಊಟದ ಪೊಟ್ಟಣ, ಪಾರ್ಸೆಲ್ಲು ತಲುಪಿಸುತ್ತ ನಡುಹಗಲಿನಲ್ಲಿ ರಿಂಗ್ ರಸ್ತೆ ಸುತ್ತುವ ಹುಡುಗರಿಗೆ, ಎಸ್‌ಪಿಎಫ್ 50, ಪಿಎ++++, ಜೊತೆಗೆ ವಾಟರ್ ರೆಸಿಸ್ಟೆಂಟ್ ಎಂದಿರುವುದು ಬೇಕು. ಆ ಬರಹದ ಪಕ್ಕದಲ್ಲಿ 40 ನಿಮಿಷ ಅಥವಾ 80 ನಿಮಿಷ ಎಂದಿದ್ದರೆ ನೀರಲ್ಲೋ ಬೆವರಲ್ಲೋ ಅಷ್ಟು ಹೊತ್ತು ಅದು ನಿಲ್ಲುತ್ತದೆ ಎಂದರ್ಥ. ಪಾಲಿಕಾರ್ಬೊನೇಟಿನ ಹೆಲ್ಮೆಟ್ ವೈಸರನ್ನು ಇಳಿಸಿಕೊಂಡಿದ್ದರೆ ಮುಖಕ್ಕೆ ಬರುವ ಅತಿನೇರಳೆ ಕಿರಣಗಳ ಬಹುಪಾಲು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮುಖಕ್ಕಿಂತ ಹೆಚ್ಚಾಗಿ ಸುಡುವುದು ಹ್ಯಾಂಡಲ್ ಹಿಡಿದ ಅಂಗೈಯ ಹಿಂಬದಿ, ಮುಂಗೈ, ಚಪ್ಪಲಿಯ ಪಟ್ಟಿಗಳ ನಡುವಿನ ಪಾದ. ಕೈಗಳಿಗೆ ತೋಳುಚೀಲ ಹಾಕಿಕೊಂಡರೆ ಸನ್‌ಸ್ಕ್ರೀನಿನ ಖರ್ಚು ಅರ್ಧಕ್ಕಿಳಿಯುತ್ತದೆ.

ಮಂಡ್ಯದ ಗದ್ದೆಗಳಲ್ಲಿ ದುಡಿಯುವವರ ಲೆಕ್ಕ ಇನ್ನೊಂದು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು ನಾಟಿ ಶುರುವಾದಾಗ ಹೆಂಗಸರು ಹೊತ್ತೇರಿ ಹೊತ್ತಿಳಿಯುವವರೆಗೂ ಬಗ್ಗಿಯೇ ಇರುತ್ತಾರೆ. ಬಿಸಿಲು ನೇರವಾಗಿ ಬೀಳುವುದು ಕತ್ತಿನ ಹಿಂಭಾಗಕ್ಕೆ, ರವಿಕೆಯ ಬೆನ್ನಿನ ತೆರಪಿಗೆ, ಕಿವಿಯ ಹಿಂಬದಿಗೆ. ಗದ್ದೆಯ ನೀರಿನಿಂದ ಪುಟಿದ ಬೆಳಕು ಕೆಳಗಿನಿಂದಲೂ ಮುಖಕ್ಕೆ ತಾಗುತ್ತದೆ. ಇಂಥವರಿಗೆ ಎರಡು ಗಂಟೆಗೊಮ್ಮೆ ಮೈಗೆಲ್ಲ ಕ್ರೀಮ್ ಹಚ್ಚಿ ಎಂದು ಹೇಳುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಸೀರೆಯ ಮೇಲೆ ಗಂಡಸರ ಪೂರ್ಣತೋಳಿನ ಅಂಗಿ ತೊಟ್ಟು ತಲೆಗೆ ಟವೆಲ್ ಸುತ್ತಿಕೊಳ್ಳುವ ರೂಢಿ ಅವರಲ್ಲಿ ಮೊದಲಿನಿಂದಲೂ ಇದೆ, ಕಬ್ಬು ಕಡಿಯುವವರಲ್ಲಿ ಸೋಗೆಯ ಅಂಚು ಕೊಯ್ಯದಿರಲೆಂದೂ ಅದು ಬೇಕಾಗುತ್ತದೆ. ಆ ರೂಢಿಯೇ ಎಲ್ಲ ಟ್ಯೂಬುಗಳಿಗಿಂತ ಮೇಲು. ಒತ್ತಾದ ನೇಯ್ಗೆಯ, ಗಾಢ ಬಣ್ಣದ, ಹಳತಾಗಿ ಜಾಳಾಗದ ಬಟ್ಟೆಯಾಗಿರಬೇಕು, ಟವೆಲಿನ ತುದಿ ಕತ್ತಿನ ಹಿಂದೆ ಇಳಿಬಿದ್ದಿರಬೇಕು, ಅಷ್ಟೇ. ಮುಖ, ಕಿವಿ, ಅಂಗೈಯ ಹಿಂಬದಿ ಮಾತ್ರ ತೆರೆದಿರುವುದರಿಂದ 100 ಗ್ರಾಮಿನ ಸಾಧಾರಣ ಬೆಲೆಯ, ವಾಟರ್ ರೆಸಿಸ್ಟೆಂಟ್ ಕ್ರೀಮನ್ನು ಬೆಳಗ್ಗೆ ಹೊರಡುವಾಗ ಒಮ್ಮೆ, ಬುತ್ತಿ ಬಿಚ್ಚುವ ಹೊತ್ತಿಗೆ ಮುಖ ತೊಳೆದು ಒಮ್ಮೆ ಹಚ್ಚಿಕೊಂಡರೆ ಬಹಳಷ್ಟು ಹಾನಿ ತಪ್ಪುತ್ತದೆ.

ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆಯೇ ಸಾಕು. ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುತ್ತಿರುವವರ, ರೆಟಿನಾಯ್ಡ್ ಕ್ರೀಮ್ ಹಚ್ಚುತ್ತಿರುವವರ ಚರ್ಮ ಬಿಸಿಲಿಗೆ ಬೇಗ ಕೆರಳುವುದರಿಂದ ಅವರು ಒಳಗೆ ಕೂತು ಕೆಲಸ ಮಾಡುವವರಾದರೂ 50ರದನ್ನೇ ಬಳಸಲಿ.

ಎಷ್ಟು ಹಚ್ಚಬೇಕು, ಎಷ್ಟು ಖರ್ಚಾಗುತ್ತದೆ

ಡಬ್ಬಿಯ ಮೇಲಿನ ಅಂಕಿಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ನಾವು ಮನೆಯಲ್ಲಿ ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧ, ಹಲವರು ಕಾಲುಭಾಗ. ಅರ್ಧ ಹಚ್ಚಿದರೆ 50ರ ರಕ್ಷಣೆ 25ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಸರಿಯಾದ ಪ್ರಮಾಣಕ್ಕೆ ಸುಲಭದ ಅಳತೆಯೆಂದರೆ ತೋರುಬೆರಳು, ನಡುಬೆರಳುಗಳ ಬುಡದಿಂದ ತುದಿಯವರೆಗೆ ಎರಡು ಗೆರೆ ಹಿಂಡಿಕೊಳ್ಳುವುದು. ಮುಖ, ಕಿವಿ, ಕತ್ತು ಎಲ್ಲಕ್ಕೂ ಸೇರಿ 2 ಗ್ರಾಂ ಎಂದಿಟ್ಟುಕೊಂಡರೆ 50 ಗ್ರಾಮಿನ ಟ್ಯೂಬು ದಿನಕ್ಕೆ ಒಂದು ಸಲದಂತೆ 25 ದಿನ, ಎರಡು ಸಲದಂತೆ 12 ದಿನ ಬರಬೇಕು. ನಾಲ್ಕು ತಿಂಗಳು ಬಂತೆಂದರೆ ಹಚ್ಚಿದ್ದು ಸಾಲದು ಎಂದೇ ಅರ್ಥ.

ಬೆಲೆಯನ್ನು ಹೋಲಿಸಬೇಕಾದದ್ದು ಈ ಲೆಕ್ಕದಲ್ಲಿ. 50 ಗ್ರಾಮಿಗೆ 600 ರೂಪಾಯಿಯ ಟ್ಯೂಬಾದರೆ ಒಂದು ಸಲಕ್ಕೆ 24 ರೂಪಾಯಿ, 100 ಗ್ರಾಮಿಗೆ 400 ರೂಪಾಯಿಯದಾದರೆ 8 ರೂಪಾಯಿ. ದುಬಾರಿಯದನ್ನು ತಂದು ಹನಿಹನಿಯಾಗಿ ಬಳಸುವ ಮನೆಗೆ ಅಗ್ಗದ್ದನ್ನು ತಂದು ಎರಡು ಬೆರಳು ತುಂಬ ಬಳಸುವುದೇ ನಿಜವಾದ ಉಳಿತಾಯ. ಔಷಧದ ಅಂಗಡಿಯ ಸನ್‌ಸ್ಕ್ರೀನಿಗೂ ಸೂಪರ್ ಮಾರ್ಕೆಟ್ಟಿನದಕ್ಕೂ ಇರುವ ಬೆಲೆಯ ಅಂತರದಲ್ಲಿ ಪರಿಮಳ, ಹಚ್ಚಿದಾಗಿನ ನಯ, ಹೆಸರು ಇವೆಲ್ಲ ಸೇರಿರುತ್ತವೆ. ಪಿಎ ಗುರುತು, ಘಟಕಗಳ ಪಟ್ಟಿ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವು ಸ್ಪಷ್ಟವಾಗಿದ್ದರೆ ಕಡಿಮೆ ಬೆಲೆಯೊಂದನ್ನೇ ನೋಡಿ ಅನುಮಾನ ಪಡಬೇಕಿಲ್ಲ.

ಹಚ್ಚುವ ಕ್ರಮ ಸರಳ. ಮುಖ ತೊಳೆದು, ಬೇಕಿದ್ದರೆ ಮಾಯಿಶ್ಚರೈಸರ್ ಹಚ್ಚಿ, ಅದು ಒಣಗಿದ ಮೇಲೆ ಸನ್‌ಸ್ಕ್ರೀನನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟು ಉಜ್ಜದೆ ಹರಡಬೇಕು, ಮೇಕಪ್ ಅದರ ಮೇಲೆ. ಹೊರಡುವುದಕ್ಕೆ 15 ನಿಮಿಷ ಮೊದಲು ಮುಗಿದಿರಬೇಕು. ಕಿವಿಯ ಮೇಲಂಚು, ಬೈತಲೆ, ಕುತ್ತಿಗೆಯ ಪಕ್ಕ, ಪಾದ ಇವು ಸದಾ ಬಿಟ್ಟುಹೋಗುವ ಜಾಗಗಳು. ಬಯಲಲ್ಲಿದ್ದರೆ ಎರಡು ಗಂಟೆಗೊಮ್ಮೆ, ಕರ್ಚೀಫಿನಿಂದ ಬೆವರು ಒರೆಸಿಕೊಂಡಿದ್ದರೆ ಅದಕ್ಕೂ ಮೊದಲೇ ಮತ್ತೆ ಹಚ್ಚಬೇಕು; ಜಂಬೂ ಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಗಂಟೆಗಟ್ಟಲೆ ಜಾಗ ಹಿಡಿದು ಕೂರುವವರು ನೀರಿನ ಬಾಟಲಿಯ ಜೊತೆಗೆ ಟ್ಯೂಬನ್ನೂ ಚೀಲಕ್ಕೆ ಹಾಕಿಕೊಳ್ಳಲಿ. ನಮ್ಮ ಭಾಗದಲ್ಲಿ ಸೂರ್ಯ ತೀರ ಮೇಲಕ್ಕೆ ಬರುವುದು ತಿಂಗಳಿಗೆ ತಕ್ಕಂತೆ ಸುಮಾರು 12.05ರಿಂದ 12.40ರ ನಡುವೆ. ಅದರ ಹಿಂದುಮುಂದಿನ ಎರಡೆರಡು ಗಂಟೆಗಳಲ್ಲಿ ಸನ್‌ಸ್ಕ್ರೀನ್ ಇದ್ದರೂ ಕೊಡೆ ಹಿಡಿಯಿರಿ.

ಮನೆಮದ್ದುಗಳ ವಿಷಯದಲ್ಲಿ ಸ್ಪಷ್ಟವಾಗಿರಬೇಕು. ತೇಯ್ದ ಗಂಧ ಮುಖಕ್ಕೆ ತಂಪು, ಕಡಲೆಹಿಟ್ಟು ಜಿಡ್ಡು ತೆಗೆಯುತ್ತದೆ, ಕೊಬ್ಬರಿ ಎಣ್ಣೆ ಒಣ ಚರ್ಮವನ್ನು ಮೆದುಗೊಳಿಸುತ್ತದೆ. ಇವುಗಳಲ್ಲಿ ಯಾವುದನ್ನೂ ಸನ್‌ಸ್ಕ್ರೀನಿನ ಬದಲು ನಂಬುವಂತಿಲ್ಲ. ಟ್ಯಾನ್ ತೆಗೆಯಲೆಂದು ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋಗುವುದಂತೂ ಅಪಾಯಕರ, ನಿಂಬೆಯಲ್ಲಿರುವ ಫ್ಯೂರೊಕೌಮರಿನ್ ಎಂಬ ರಾಸಾಯನಿಕಗಳು ಯುವಿಎ ಜೊತೆ ಸೇರಿ ಚರ್ಮವನ್ನು ಸುಟ್ಟು ಬೊಬ್ಬೆ ಬರಿಸುತ್ತವೆ, ಆರಿದ ಮೇಲೆ ಕಪ್ಪು ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ.

ಹೊಸ ಟ್ಯೂಬು ತಂದಾಗ ಮೊದಲು ಮೊಣಕೈಯ ಒಳಬದಿಗೆ ಎರಡು ಮೂರು ದಿನ ಹಚ್ಚಿ ನೋಡಿ, ತುರಿಕೆಯಾಗಲಿ ಕೆಂಪಾಗಲಿ ಕಾಣದಿದ್ದರೆ ಮುಖಕ್ಕೆ ಬಳಸಿ. ಸ್ಕೂಟರಿನ ಡಿಕ್ಕಿಯಲ್ಲೋ ಕಾರಿನ ಡ್ಯಾಷ್‌ಬೋರ್ಡಿನ ಮೇಲೋ ಇಟ್ಟ ಟ್ಯೂಬು ಕಾವಿಗೆ ಕೆಟ್ಟು ಎಣ್ಣೆ ಬೇರೆ, ನೀರು ಬೇರೆಯಾಗುತ್ತದೆ. ಹಾಗೆ ಒಡೆದದ್ದನ್ನು, ದಿನಾಂಕ ಮೀರಿದ್ದನ್ನು ಎಸೆಯಬೇಕು. ರಾತ್ರಿ ಮಲಗುವ ಮುನ್ನ ಫೇಸ್‌ವಾಶ್‌ನಿಂದ ಮುಖ ತೊಳೆಯಿರಿ, ವಾಟರ್ ರೆಸಿಸ್ಟೆಂಟ್ ಹಚ್ಚಿದ್ದ ದಿನ ಎರಡು ಸಲ.